ಮನೆಯ ಶಾಖ ಕದ್ದವರು

ತಲೆಗೆ ಹಚ್ಚಿದ ಶಾಂಪೂ ಇನ್ನೂ ತೊಳೆದಿರಲಿಲ್ಲ, ಬಿಸಿನೀರು ಮುಗಿದುಹೋಯಿತು. ನಡುಗುತ್ತ ನಿಂತ ಇಂದುಮತಿ ಮನಸ್ಸಿನಲ್ಲೇ ಒಪ್ಪಿಕೊಂಡಳು — ಇದು ನನ್ನಿಂದಲೇ ಇರಬೇಕು. ನನ್ನಷ್ಟು ಹೊತ್ತು ಸ್ನಾನ ಮಾಡುವವರು ಈ ಮನೆಯಲ್ಲಿ ಬೇರೆ ಯಾರಿದ್ದಾರೆ? ಡೈರಿಯಲ್ಲಿ ಬೇಕಾದರೆ ಬರೆದಾಳು. ಬಾಯಿಬಿಟ್ಟು ಹೇಳುವ ಧೈರ್ಯ ಅವಳದಲ್ಲ.

ಕೆಳಗೆ ಅಪ್ಪ ಸ್ವೆಟರಿನ ಮೇಲೊಂದು ಸ್ವೆಟರ್ ಹಾಕಿಕೊಂಡು ಕೂತಿದ್ದರು. ಸ್ವೀಡನ್ನಿನ ನಾರ್‌ಶೋಪಿಂಗ್ ಊರಿನ ಈ ಮನೆಯನ್ನು ಬೆಚ್ಚಗಿಡುವ, ನೀರು ಕಾಯಿಸುವ ಹೀಟ್ ಪಂಪಿಗೆ ಹದಿನೆಂಟು ವರ್ಷ. ರಿಪೇರಿಯವನು ಬಂದು, ಮುಚ್ಚಳ ಬಿಚ್ಚಿ ನೋಡಿ, "ಮುದಿಯಾಗಿದೆ, ಬದಲಾಯಿಸಿ" ಎಂದು ಹೋಗಿದ್ದ. ಹೊಸದಕ್ಕೆ ಸಂಜೆಯೊಳಗೆ ಒಪ್ಪಿಗೆ ಕೊಡಬೇಕು. ಕೊಟ್ಟರೆ ಕೂಡಿಟ್ಟ ದುಡ್ಡೆಲ್ಲ ಅದಕ್ಕೇ; ಈ ವರ್ಷ ಅಮ್ಮ ಕುಂದಾಪುರಕ್ಕೆ, ತನ್ನ ತಂಗಿ ಕಮಲಾಳ ಮಗಳ ಮದುವೆಗೆ ಹೋಗುವಂತಿಲ್ಲ.

"ಇರ್ಲಿ ಬಿಡಿ, ಮದುವೆ ವಿಡಿಯೋದಲ್ಲಿ ನೋಡಿದ್ರಾಯ್ತು," ಎನ್ನುತ್ತಿದ್ದರು ಅಮ್ಮ ನಳಿನಿ — ಯಾರ ಮುಖವನ್ನೂ ನೋಡದೆ.

ಕೊನೆಯದಾಗಿ ಒಂದು ಮಾತು ಕೇಳೋಣವೆಂದು ಅಪ್ಪ ಕರೆಸಿದ್ದು ಗೆಳೆಯ ಇಗ್ನೇಷಿಯಸ್‌ರನ್ನು. ಟ್ರೋಲ್‌ಹೆಟ್ಟನ್‌ನಲ್ಲಿ ವಿಮಾನದ ಎಂಜಿನ್ ಪರೀಕ್ಷಿಸುವ ಮನುಷ್ಯ. ಮಾತಿಗಿಂತ ಪ್ರಶ್ನೆ ಜಾಸ್ತಿ.

ಅವರು ಪಂಪಿಗೆ ಕಿವಿಯಿಟ್ಟರು. "ಎದೆಬಡಿತ ಚೆನ್ನಾಗೇ ಉಂಟು. ಯಾವಾಗಿನಿಂದ ಹೀಗೆ?"

"ನವರಾತ್ರಿ ಕಳೆದ ಮೇಲೆ," ಎಂದರು ಅಪ್ಪ.

"ಸ್ವಲ್ಪ ಸ್ವಲ್ಪವಾ, ಒಮ್ಮೆಗೇನಾ?"

"ಒಮ್ಮೆಗೇ."

"ಮುದಿತನ ಒಮ್ಮೆಗೇ ಬರ್ತದಾ ಮಾರಾಯ್ರೆ? ಇಂದುಮತಿ, ನಿನ್ನ ಸ್ನಾನ ಎಷ್ಟು ಹೊತ್ತು?"

ಅವಳ ಕಿವಿ ಕೆಂಪಾಯಿತು. "ಸ್ವಲ್ಪ... ಜಾಸ್ತೀನೇ ಅಂಕಲ್."

"ಮೊದಲೂ ಅಷ್ಟೇನಾ?"

"ಹೂಂ."

"ಹಾಗಾದ್ರೆ ನೀನು ಬಚಾವ್. ಕನ್ನಡಿ ಮೇಲಿನ ಆವಿ ಆಮೇಲೆ ಹೋಗ್ತದಾ?"

"ಈಗೀಗ ಹೋಗೋದೇ ಇಲ್ಲ. ಅಡುಗೆಮನೆ ಕಿಟಕೀಲೂ ಒಳಗಡೆ ನೀರಿಳಿಯತ್ತೆ."

"ದಿನಾ ಒರೆಸೋದು ನಾನೇ," ಎಂದರು ಅಪ್ಪ. "ಚಳಿ ಅಲ್ವಾ?"

ಇಗ್ನೇಷಿಯಸ್ ಅಡುಗೆಮನೆಗೆ ಹೋಗಿ ಕುರ್ಚಿ ಹತ್ತಿದರು. ಸೀಲಿಂಗಿನಲ್ಲಿ ಗಾಳಿ ಎಳೆದುಕೊಳ್ಳುವ ಬಿಳಿ ಬಿಲ್ಲೆ. ಅದಕ್ಕೊಂದು ಟಿಶ್ಯೂ ಹಿಡಿದು ಬಿಟ್ಟರು. ಅಂಟಿಕೊಳ್ಳಬೇಕಿದ್ದ ಟಿಶ್ಯೂ ನೆಲಕ್ಕೆ ಬಿತ್ತು.

"ಈ ಪಂಪಿನ ಊಟ ಏನು ಗೊತ್ತುಂಟಾ? ಅಡುಗೆಮನೆ, ಬಚ್ಚಲಿನ ಬೆಚ್ಚಗಿನ ಗಾಳಿ. ಅದರ ಶಾಖ ಹಿಂಡಿಕೊಂಡು ಉಳಿದದ್ದನ್ನು ಹೊರಗೆ ಬಿಡ್ತದೆ. ಗಾಳಿ ಹೋಗ್ತಾ ಇದ್ರೆ ಕಿಟಕಿ ಯಾಕೆ ಬೆವರ್ಬೇಕು? ಎಲ್ಲರೂ ಪಂಪ್ ನೋಡಿದ್ರಿ, ತಲೆ ಎತ್ತಿ ನೋಡಿದವರಿಲ್ಲ. ಬದಲಾಯಿಸೋದು ಬೇಡ, ರಿಪೇರಿಯೂ ಬೇಡ."

ಬಿಲ್ಲೆ ತಿರುಗಿಸಿ ತೆಗೆದರು. ಒಳಗಿನಿಂದ ಹಸಿರು ಅಂಚಿನ ಹಳೇ ಸೀರೆಯ ತುಂಡು ಜಾರಿ ಬಂತು.

ಯಾರ ಸೀರೆ ಎಂದು ಕೇಳಬೇಕಾಗಿರಲಿಲ್ಲ.

"ನಳಿನಕ್ಕ?"

"ನಾನೇ ತುರುಕಿದ್ದು." ಅಮ್ಮನ ದನಿ ಕುಗ್ಗಿತ್ತು. "ಬಚ್ಚಲಿಗೂ. ಒಣ ಸಿಗಡಿ ಹುರಿದ್ರೆ ವಾಸನೆ ಹೊರಗೆ ಹೋಗ್ತದಲ್ಲ, ಪಕ್ಕದವರಿಗೆ ಆಗೋದಿಲ್ಲವಂತೆ. ಪಂಪಿಗೂ ಅದೇ ಗಾಳಿ ಅಂತ ನಂಗೇನು ಗೊತ್ತು?"

"ಭೇಷ್! ಹೊಸದು ತಂದಿದ್ರೆ ಅದರ ಬಾಯಿಗೂ ಸೀರೆ!" ಅಪ್ಪ ಸಿಡಿದರು. "ಅಲ್ಲ, ನಿಂಗೆ ಸ್ವೀಡಿಷ್ ಬರೋದಿಲ್ಲ. ಪಕ್ಕದವರು ನಿಂಗೆ ಹೇಳಿದ್ದು ಹೇಗೆ?"

ಅಮ್ಮನ ಕಣ್ಣು ಮಗಳನ್ನು ಒಂದು ಗಳಿಗೆ ಮುಟ್ಟಿ ಆಚೆ ಹೋಯಿತು. "ಯಾರೋ ಹೇಳಿದ್ರು. ನೆನಪಿಲ್ಲ."

"ನೆನಪಿಲ್ವಾ? ನಾನೇ ಹೋಗಿ ಅವರನ್ನ ಕೇಳ್ತೇನೆ!" ಅಪ್ಪ ಬೂಟಿಗೆ ಕೈಹಾಕಿದರು.

ಇಗ್ನೇಷಿಯಸ್ ಸೀರೆ ತುಂಡನ್ನು ಮಡಚುತ್ತ ಯಾರನ್ನೂ ನೋಡದೆ ಹೇಳಿದರು, "ತುರುಕಿದ ಕೈ ಸಿಕ್ಕಿತು. ಆದರೆ ಕಳ್ಳತನ ಶುರುವಾದದ್ದು ಸುದ್ದಿ ತಂದ ಬಾಯಿಂದ. ಈ ಮನೆಯಲ್ಲಿ ಪಕ್ಕದವರ ಜೊತೆ ಸ್ವೀಡಿಷ್ ಮಾತಾಡಿ, ಅಡುಗೆಮನೆಗೆ ಬಂದು ಕನ್ನಡದಲ್ಲಿ ಹೇಳುವವರು ಎಷ್ಟು ಜನ?"

ಅಮ್ಮ ಸೊಂಟಕ್ಕೆ ಸಿಕ್ಕಿಸಿದ ಬಟ್ಟೆ ತೆಗೆದು, ಆಗಲೇ ಒರೆಸಿದ್ದ ಕಟ್ಟೆಯನ್ನು ಮತ್ತೆ ಒರೆಸತೊಡಗಿದರು.

"ಪಕ್ಕದವರು ಏನೂ ಹೇಳಿರ್ಲಿಲ್ಲ ಅಮ್ಮ," ಎಂದಳು ಇಂದುಮತಿ. "ಕಾಲೇಜಿನ ಫ್ರೆಂಡ್ಸ್ ಮನೆಗೆ ಬಂದಿದ್ರಲ್ಲ, ಅವತ್ತು ಸಿಗಡಿ ವಾಸನೆಗೆ ನಂಗೇ ನಾಚಿಕೆ ಆಗಿತ್ತು."