ಬಲಗಡೆ ನೋಡಮ್ಮಾ

ರೈಲಿನ ಬಾಗಿಲು ತೆರೆಯುವ ಮೊದಲೇ ಕೂಗು ಕೇಳಿತು.

"ಮಗನ್ನ ಕದ್ರು! ನನ್ನ ಮಗನ್ನ ಕದ್ಕೊಂಡ್ರು!"

ಮೊನಾಸ್ಟಿರಾಕಿ ನಿಲ್ದಾಣದಲ್ಲಿ ನಾನು ತಣ್ಣನೆಯ ಕಾಫಿ ಹಿಡಿದು ನಿಂತಿದ್ದೆ. ಆಗಸ್ಟ್ ಹದಿನೈದು, ಯೇಸುವಿನ ತಾಯಿ ಮರಿಯಮ್ಮನ ಹಬ್ಬ. ಅಥೆನ್ಸಿನ ಅರ್ಧ ಜನ ಹಳ್ಳಿಗೆ, ಇನ್ನರ್ಧ ಕಡಲಿಗೆ. ಊರಲ್ಲಿ ಉಳಿದವರೆಂದರೆ ಪ್ರವಾಸಿಗರು, ಜೇಬುಗಳ್ಳರು ಮತ್ತು ರಜೆ ಸಿಗದ ಪೊಲೀಸರು. ನಾನು ಮೂರನೇ ಜಾತಿಯವಳು. ಹೆಸರು ಲಾಂಬ್ರಿನಿ, ಪ್ರವಾಸಿ ಪೊಲೀಸ್ ವಿಭಾಗದ ಇನ್ಸ್‌ಪೆಕ್ಟರ್.

ಕಾಫಿ ಬಿಸಾಕಿ ಓಡಿದೆ. ಮಗು ಕಳುವಾಗಿದೆ ಎಂದರೆ ಯೋಚಿಸುತ್ತ ನಿಲ್ಲುವಂತಿಲ್ಲ.

"ಪಂತೆಲಿಸ್, ಗೇಟು ಮುಚ್ಸು! ಒಬ್ರೂ ಹೊರಗೆ ಹೋಗಬಾರದು!"

ಪೇದೆ ಪಂತೆಲಿಸ್ ಮೆಟ್ಟಿಲು ಹತ್ತಿ ಓಡಿದ. ಕೊನೆಯ ಬೋಗಿಯಿಂದ ಕಪ್ಪು ಉಡುಪಿನ ಮುದುಕಿಯೊಬ್ಬಳು ಇಳಿದು ನನ್ನ ತೋಳು ಹಿಡಿದಳು. ಕಿವಿಯಿಂದ ಒಂದು ವೈರು ನೇತಾಡುತ್ತಿತ್ತು. ಅದರ ತುದಿಯಲ್ಲಿ ಏನೂ ಇರಲಿಲ್ಲ.

"ಮಗನಿಗೆ ಎಷ್ಟು ವಯಸ್ಸಮ್ಮಾ? ಯಾವ ಬಣ್ಣದ ಅಂಗಿ?"

"ಮೂವತ್ನಾಲ್ಕು," ಅಂದಳು. "ಚಳಿಗಾಲದಲ್ಲಿ ತೀರ್ಕೊಂಡ."

ನನಗೆ ಸಿಟ್ಟು ನೆತ್ತಿಗೇರಿತು. ಹಬ್ಬದ ದಿನ ಇಡೀ ನಿಲ್ದಾಣ ಮುಚ್ಚಿಸಿದ್ದೆ. ಬೈಯಲು ಬಾಯಿ ತೆರೆದೆ. ಅವಳು ವೈರಿನ ತುದಿಯನ್ನು ನನ್ನ ಮುಂದೆ ಹಿಡಿದಳು.

"ಅವನ ದನಿ ಇತ್ತು ಕಣಮ್ಮಾ ಫೋನಲ್ಲಿ. 'ಬಲಗಡೆ ನೋಡಮ್ಮಾ' ಅಂತಿದ್ದ. ಅಷ್ಟರಲ್ಲಿ ಕಿತ್ಕೊಂಡ್ರು."

ಬೈಯಲಿಲ್ಲ, ಗೇಟೂ ತೆಗೆಸಲಿಲ್ಲ. ಹೆಸರು ಕೇಳಿದೆ.

* * *

ಅವಳ ಹೆಸರು ಪೊಲಿಕ್ಸೇನಿ. ಲೆಸ್ವೋಸ್ ದ್ವೀಪದವಳು. ಮಗ ಸ್ಟ್ರಾಟೋಸ್ ಇಲ್ಲಿ ಟ್ರಾಮ್ ಓಡಿಸುತ್ತಿದ್ದ. ಅಮ್ಮ ಒಂದು ಸಲವೂ ಅಥೆನ್ಸ್ ನೋಡಿರಲಿಲ್ಲ. ಬಾ ಎಂದು ಕರೆದ. ಅವಳು ಬರುವ ದಿನ ಅವನಿಗೆ ಡ್ಯೂಟಿ. ಅದಕ್ಕೆ ಹಡಗು ಇಳಿದಲ್ಲಿಂದ ಕೊನೆಯ ಸ್ಟಾಪಿನವರೆಗೆ ಎಲ್ಲಿ ಹತ್ತಬೇಕು, ಎಲ್ಲಿ ಇಳಿಯಬೇಕು, ಏನು ನೋಡಬೇಕು ಎಂದು ಒಂದೊಂದು ಜಾಗಕ್ಕೂ ಒಂದೊಂದು ಮಾತು ತನ್ನ ಹಳೆಯ ಸಣ್ಣ ಫೋನಿನಲ್ಲಿ ತುಂಬಿಸಿ, ಅದನ್ನು ಊರಿಗೆ ಕಳಿಸಿದ. ಅವಳು ಹೊರಡುವ ಮೊದಲೇ ಅವನ ಬೈಕು ಮಂಜಿನಲ್ಲಿ ಜಾರಿತು.

"ಬೇರೆ ಕಡೆ ಇಳಿಸ್ಕೊಂಡಿದೀರಾ ಆ ಮಾತುಗಳನ್ನ? ಯಾರಾದ್ರೂ ಕೇಳಿದಾರಾ?"

"ನಾನೇ ಪೂರ್ತಿ ಕೇಳಿಲ್ಲ. ಜಾಗಕ್ಕೆ ಹೋದ್ಮೇಲೇ ಕೇಳ್ಬೇಕು ಅಂತ ಆಣೆ ಹಾಕಿಸ್ಕೊಂಡಿದ್ದ. ಬಂದರಿಂದು ಕೇಳ್ದೆ. ರೈಲಿಂದು ಕೇಳ್ತಿದ್ದೆ. ಮಿಕ್ಕಿದ್ದೆಲ್ಲ ಹಾಗೇ ಇತ್ತು. ಅವನು ನನ್ ಹತ್ರ ಇನ್ನೂ ಮಾತಾಡೋದಿತ್ತು ಕಣಮ್ಮಾ."

ಕದ್ದ ಫೋನಿಗೆ ನಮ್ಮೂರಲ್ಲಿ ಏನಾಗುತ್ತದೆಂದು ನನಗೆ ಗೊತ್ತು. ಮೊದಲು ಬ್ಯಾಟರಿ ತೆಗೆಯುತ್ತಾರೆ. ಸಂಜೆಯೊಳಗೆ ಒಳಗಿದ್ದುದೆಲ್ಲ ಅಳಿಸುತ್ತಾರೆ. ಸಣ್ಣ ಹಳೆಯ ಫೋನಾದರೆ ಆ ಶ್ರಮವೂ ಇಲ್ಲ, ಸಿಕ್ಕ ಚರಂಡಿಗೆ ಎಸೆಯುತ್ತಾರೆ. ನಂಬರಿಗೆ ಕರೆ ಮಾಡಿದೆ. ಸ್ವಿಚ್ ಆಫ್.

ಮುದುಕಿ ನನ್ನ ಮುಖವನ್ನೇ ನೋಡುತ್ತಿದ್ದಳು. "ಸಿಗುತ್ತೆ ಅಲ್ವಾ?"

"ಸಿಗುತ್ತಮ್ಮಾ," ಅಂದೆ. ಸುಳ್ಳು ಹೇಳಿದೆ.

* * *

ಹಬ್ಬದ ಮಧ್ಯಾಹ್ನ. ಬೋಗಿ ಹೆಚ್ಚುಕಡಿಮೆ ಖಾಲಿಯಿತ್ತು. ಮುದುಕಿಯ ಜೊತೆ ಇದ್ದವರು ಮೂವರೇ.

ಒಬ್ಬ ಲಾಟರಿ ಮಾರುವ ಮಾಂಥೋಸ್. ಉದ್ದ ಕೋಲಿಗೆ ಟಿಕೆಟು ಸಿಕ್ಕಿಸಿಕೊಂಡು ಓಡಾಡುವವನು. ಹಿಂದೆ ಜೇಬು ಕತ್ತರಿಸಿ ಎರಡು ಸಲ ಒಳಗೆ ಹೋಗಿ ಬಂದವನು.

ಇನ್ನೊಬ್ಬ ಡೆನ್ಮಾರ್ಕಿನ ಪ್ರವಾಸಿ, ಯೆನ್ಸ್. ಹುಲ್ಲಿನ ಟೋಪಿ, ಮೂಗಿಗೆ ಬಿಳಿ ಮುಲಾಮು, ಕುತ್ತಿಗೆಗೆ ಊರಿನ ನಕ್ಷೆ. ಕಂಕುಳಲ್ಲಿ ಸುಣ್ಣದ ಗಚ್ಚಿನ ದೊಡ್ಡ ಗೂಬೆ. ಗೂಬೆ ನಮ್ಮೂರಿನ ಗುರುತು, ಬಂದವರೆಲ್ಲ ಅದರ ಬೊಂಬೆ ಕೊಂಡೇ ಹೋಗುತ್ತಾರೆ. ಮುದುಕಿಯನ್ನು ಬೆಂಚಿನಲ್ಲಿ ಕೂರಿಸಿ, ಟೋಪಿಯಿಂದ ಗಾಳಿ ಹಾಕಿದವನೂ ಇವನೇ.

ಮೂರನೆಯವಳು ಕೆಂಪು ಚೀಲದ ಹುಡುಗಿ. ಗೇಟು ಮುಚ್ಚುವ ಮೊದಲೇ ಮೆಟ್ಟಿಲು ಹತ್ತಿ ಮಾಯವಾಗಿದ್ದಳು.

ಯೆನ್ಸ್ ಇಂಗ್ಲಿಷಿನಲ್ಲಿ ನಿಧಾನವಾಗಿ, ಶಾಲೆಯ ಪಾಠ ಒಪ್ಪಿಸುವಂತೆ ಹೇಳಿದ: "ಕೋಲು ಹಿಡಿದ ಮನುಷ್ಯನು ಆ ಮಹಿಳೆಯ ಹಿಂದೆ ನಿಂತಿದ್ದನು. ನಾನು ಅದನ್ನು ಕಂಡೆನು. ನನಗೆ ಬಹಳ ದುಃಖವಾಗಿದೆ."

"ಏನ್ ವದರ್ತಿದಾನೆ ಈ ಕೆಂಪು ಮೂತಿ?" ಎಂದ ಮಾಂಥೋಸ್.

"ನೀನೇ ಕದ್ದಿದ್ದು ಅಂತಾನೆ."

"ನಾನಾ? ಅಕ್ಕಾ, ಮರಿಯಮ್ಮನ ಹಬ್ಬದ ದಿನ ನಾನು ಕದೀತೀನಾ? ನಾಳೆ ಕೇಳು, ಬೇಕಾದ್ರೆ ಒಪ್ಕೋತೀನಿ!"

ಅಷ್ಟರಲ್ಲಿ ಪಂತೆಲಿಸ್ ಕಸದ ಬುಟ್ಟಿಯಿಂದ ಮುದುಕಿ ಫೋನಿಟ್ಟುಕೊಂಡಿದ್ದ ಬಟ್ಟೆ ಚೀಲ ಎತ್ತಿ ತಂದ. ಅದರ ದಾರವನ್ನು ಬ್ಲೇಡಿನಿಂದ ಕತ್ತರಿಸಿದ್ದರು. ಒಳಗೆ ಏನೂ ಇಲ್ಲ. ಬುಟ್ಟಿ ಇದ್ದದ್ದು ಮಾಂಥೋಸ್ ನಿಂತಿದ್ದ ಕಂಬದ ಪಕ್ಕದಲ್ಲೇ.

ಅವನನ್ನು ಚಡ್ಡಿಯವರೆಗೆ ಬಿಚ್ಚಿಸಿ ನೋಡಿದೆವು. ಬೂಟು ಕೊಡವಿದೆವು. ಕೋಲಿನ ಮೊಳೆ ಕಿತ್ತೆವು. ಫೋನಿಲ್ಲ.

"ಯಾರಿಗೆ ದಾಟಿಸ್ದೆ? ಕೆಂಪು ಚೀಲದ ಹುಡುಗೀಗಾ?"

"ನಂಗೇನು ಗೊತ್ತಕ್ಕಾ ಅವ್ಳು!"

ನನಗೆ ಅವನೇ ಕಳ್ಳ ಎಂದು ಖಾತ್ರಿಯಾಗಿತ್ತು. ಹಳೇ ಹುಲಿ ಪಟ್ಟೆ ಬದಲಾಯಿಸುವುದಿಲ್ಲ ಎಂದು ನಂಬಿದ್ದೆ. ಆ ನಂಬಿಕೆಯಿಂದಲೇ ಹೊತ್ತು ಹಾಳಾಯಿತು.

* * *

ಹುಡುಗಿ ಸಿಂಟಾಗ್ಮಾ ನಿಲ್ದಾಣದಲ್ಲಿ ಸಿಕ್ಕಳು. ಅಲ್ಲಿನ ಪೊಲೀಸರು ಕೆಂಪು ಚೀಲ ತೆರೆಸಿದರು. ಒಳಗಿಂದ ಒಂದು ಬೆಕ್ಕು ಹಾರಿ ಪೇದೆಯ ಕೈ ಪರಚಿ ಹಳಿಯ ಮೇಲೆ ಓಡಿತು. ಫೋನಿರಲಿಲ್ಲ. ಬೆಕ್ಕು ಹಿಡಿಯುವತನಕ ಅಲ್ಲಿಯ ರೈಲೂ ನಿಂತಿತು.

ಸಾಹೇಬರ ಕರೆ ಬಂತು. ಅವರು ಕಡಲ ದಂಡೆಯಲ್ಲಿದ್ದರು, ಅಲೆಯ ಸದ್ದು ಕೇಳುತ್ತಿತ್ತು.

"ಲಾಂಬ್ರಿನಿ, ಒಂದು ಡಬ್ಬಾ ಫೋನಿಗೆ ಎರಡು ನಿಲ್ದಾಣ ನಿಲ್ಸಿದೀಯಾ? ಗೇಟು ತೆಗಿ. ಆ ವಿದೇಶಿಯವನನ್ನ ಮೊದಲು ಕಳ್ಸು. ನಾಳೆ ಪೇಪರಲ್ಲಿ ಬಂದ್ರೆ ನಿನ್ನ ತಲೆ ಹೋಗುತ್ತೆ."

"ಸಾರ್, ಸ್ವಲ್ಪ ಹೊತ್ತು..."

"ಈಗ್ಲೇ!"

ನಿಲ್ದಾಣದ ಗಾಜಿನ ಕೋಣೆಯಲ್ಲಿ ಯೆನ್ಸ್ ತನ್ನ ಹೇಳಿಕೆಗೆ ಸಹಿ ಹಾಕುತ್ತಿದ್ದ. ಒಂದು ರೈಲು ಗಡಗಡ ದಾಟಿತು. ನಾನು ಹೊರಗಿನಿಂದಲೇ ಕೂಗಿ ಕೇಳಿದೆ: "ಅಥೆನ್ಸಿಗೆ ಬಂದು ಎಷ್ಟು ದಿನವಾಯಿತು?"

ಅವನು ಐದು ಬೆರಳು ಎತ್ತಿ ತೋರಿಸಿದ. ನಾನು ತಲೆಯಾಡಿಸಿ ಮುಂದೆ ಹೋದೆ. ಕಣ್ಣಿದ್ದೂ ಕುರುಡಿ.

ಪೊಲಿಕ್ಸೇನಿ ಬೆಂಚಿನಲ್ಲಿ ಕೂತಿದ್ದಳು. ವೈರನ್ನು ಇನ್ನೂ ಕಿವಿಯಿಂದ ತೆಗೆದಿರಲಿಲ್ಲ.

"ಅಳಿಸಿಬಿಡ್ತಾರಂತೆ ಹೌದಾ? ಆ ಪೊಲೀಸಪ್ಪ ಹೇಳ್ದ."

ಪಂತೆಲಿಸನ ಬಾಯಿಗೆ ಬೀಗ ಹಾಕಬೇಕು ಅನ್ನಿಸಿತು.

"ಅವನನ್ನ ಮಣ್ಣು ಮಾಡಿದಾಗ ನಾನು ಅಳ್ಲಿಲ್ಲ ಕಣಮ್ಮಾ," ಅಂದಳು. "ಇನ್ನೂ ಮಾತು ಬಾಕಿ ಇದೆಯಲ್ಲ ಅಂತ. ಈಗ ಏನಿದೆ?"

ಗೇಟು ತೆಗೆಯಲು ಹೇಳಿದೆ.

* * *

ಪಂತೆಲಿಸ್ ಮಾಂಥೋಸನ ರಟ್ಟೆ ಹಿಡಿದು ಠಾಣೆಗೆ ಹೊರಟ. ಗಾಜಿನ ಕೋಣೆಯ ಮುಂದೆ ಹಾಯುವಾಗ ಮಾಂಥೋಸ್ ಕೊಸರಿಕೊಂಡು ನಿಂತ. ಐದೂ ಬೆರಳು ಅಗಲಿಸಿ, ಅಂಗೈಯನ್ನು ಯೆನ್ಸ್‌ನ ಮುಖಕ್ಕೆ ನೇರ ಹಿಡಿದ.

"ತಗೋ! ಸುಳ್ಳ ನನ್ಮಗನೇ!"

ನಮ್ಮಲ್ಲಿ ಅಂಗೈ ಬಿಡಿಸಿ ಮುಖಕ್ಕೆ ತೋರಿಸುವುದಕ್ಕಿಂತ ದೊಡ್ಡ ಬೈಗುಳವಿಲ್ಲ. ಅದಕ್ಕೆ ಕೊಲೆಗಳೂ ಆಗಿವೆ. ಆದರೆ ಪರದೇಶಿಗಳಿಗೆ ಅದು ತಿಳಿಯದು. ಟಾಟಾ ಮಾಡುತ್ತಿದ್ದಾರೆಂದು ನಗುತ್ತ ಅವರೂ ಕೈ ಬೀಸುತ್ತಾರೆ. ನೂರು ಸಲ ನೋಡಿದ್ದೇನೆ.

ಯೆನ್ಸ್ ಕೈ ಬೀಸಿದ. ನಕ್ಕ. ಆದರೆ ಆಮೇಲೆ. ಮೊದಲು ಅವನ ಮುಖ ಕೆಂಪಾಯಿತು, ದವಡೆ ಬಿಗಿಯಿತು.

ನಾನು ನಿಂತಲ್ಲೇ ನಿಂತೆ. ಆಗ ನೆನಪಾಯಿತು, ಐದು ದಿನ ಎಂದು ತೋರಿಸಿದಾಗ ಅವನ ಅಂಗೈ ನನ್ನ ಕಡೆಗಿರಲಿಲ್ಲ. ತನ್ನ ಮುಖದ ಕಡೆಗಿತ್ತು. ನನಗೆ ಕಂಡದ್ದು ಕೈಯ ಬೆನ್ನು.

ಅವನು ಟೋಪಿ ಸರಿಮಾಡಿಕೊಂಡು, ಗೂಬೆಯನ್ನು ಕಂಕುಳಿಗೆ ಸೇರಿಸಿ ಹೊರಬಂದ. ಗೇಟಿನ ಹತ್ತಿರ ಅಡ್ಡ ನಿಂತೆ.

"ಹೊರಟ್ರಾ ಯೆನ್ಸ್?"

"ಹೌದು ಮಹನೀಯೆ. ತಮ್ಮ ನಗರವು ಬಹಳ ಸುಂದರವಾಗಿದೆ."

ನಾನು ಎರಡೂ ಅಂಗೈ ಬಿಡಿಸಿ, ಒಂದರ ಮೇಲೊಂದು ಬಡಿದು, ಅವನ ಮೂಗಿನ ಮುಂದೆ ಹಿಡಿದೆ.

"ತಗೋ! ನಿನಗೂ, ನಿನ್ನ ಹೆತ್ತವಳಿಗೂ!"

"ನಿಂಗೇ ಇರ್ಲಿ ಕಣೇ ಮೂದೇವಿ! ನಮ್ಮಮ್ಮನ ಸುದ್ದಿಗೆ ಬಂದ್ರೆ ಹಲ್ಲು ಉದುರಿಸ್ತೀನಿ!"

ಅಚ್ಚ ಗ್ರೀಕ್. ಅದೂ ಪಿರೇಯಸ್ ಬಂದರಿನ ಗಲ್ಲಿಯ ಗ್ರೀಕ್. ಮಾಂಥೋಸ್ ಬಾಯಿ ಬಿಟ್ಟು ನೋಡಿದ. ಯೆನ್ಸ್‌ಗೆ ತಾನೇನು ಹೇಳಿದೆನೆಂದು ಅರ್ಥವಾಗುವಷ್ಟರಲ್ಲಿ ಪಂತೆಲಿಸ್ ಅವನ ಕುತ್ತಿಗೆ ಪಟ್ಟಿ ಹಿಡಿದಾಗಿತ್ತು.

ಗೂಬೆ ಕೆಳಗೆ ಬಿದ್ದು ಒಡೆಯಿತು. ಒಳಗೆಲ್ಲ ಟೊಳ್ಳು. ಸುಣ್ಣದ ಚೂರುಗಳ ನಡುವೆ ಎರಡು ಪರ್ಸು, ಒಂದು ಕೈಗಡಿಯಾರ, ಒಂದು ಬ್ಲೇಡು, ಸಣ್ಣ ಕಪ್ಪು ಫೋನು. ಬ್ಯಾಟರಿ ಬೇರೆ ಬಿದ್ದಿತ್ತು.

* * *

"ಹೇಗೆ ಹಿಡಿದ್ರಿ ಮೇಡಂ?" ಎಂದ ಪಂತೆಲಿಸ್.

"ಊರಿನ ಕಳ್ಳರ ಮುಖ ನಮಗೆಲ್ಲ ಗೊತ್ತು. ದಾರಿ ತಪ್ಪಿದ ಪ್ರವಾಸಿಯನ್ನ ಯಾರು ತಡೀತಾರೆ? ಅದಕ್ಕೇ ಆ ವೇಷ. ಇಳಿದು ಹೋಗ್ತಿದ್ದ. ಆದ್ರೆ ಇವಳು 'ಮಗನ್ನ ಕದ್ರು' ಅಂದಳು, ನಾನು ಗೇಟು ಮುಚ್ಚಿಸ್ದೆ. ಸಿಕ್ಕಿಬಿದ್ದ. ಚೀಲ ಮಾಂಥೋಸ್ ಪಕ್ಕದ ಬುಟ್ಟಿಗೆ ಎಸೆದು ಸಾಕ್ಷಿಯಾದ. ಸಾಕ್ಷಿಯ ಗೂಬೆಯನ್ನ ನಾವು ಹುಡುಕಲಿಲ್ಲ. ಭಾಷೆ ಬದಲಾಯಿಸ್ದ, ಬಟ್ಟೆ ಬದಲಾಯಿಸ್ದ. ಪೊಲೀಸರ ಮುಖಕ್ಕೆ ಐದು ಬೆರಳು ತೋರಿಸಬಾರದು ಅನ್ನೋ ಭಯ ಮಾತ್ರ ಕೈಯಲ್ಲೇ ಉಳೀತು. ಡೆನ್ಮಾರ್ಕಿನವನಿಗೆ ಆ ಭಯ ಎಲ್ಲಿಂದ ಬರುತ್ತೆ?"

"ಮತ್ತೆ ನಾನು?" ಎಂದ ಮಾಂಥೋಸ್, ಪ್ಯಾಂಟು ಏರಿಸುತ್ತ. "ನನ್ ಮರ್ಯಾದೆ?"

"ತಪ್ಪಾಯ್ತಪ್ಪಾ," ಅಂದೆ.

ಫೋನಿಗೆ ಬ್ಯಾಟರಿ ಹಾಕಿದೆ. ಪರದೆ ಕಪ್ಪಗೇ ಇತ್ತು. ಪೊಲಿಕ್ಸೇನಿ ಎದೆಯ ಮೇಲೆ ಶಿಲುಬೆ ಗುರುತು ಹಾಕುತ್ತಲೇ ಇದ್ದಳು. ಮತ್ತೆ ಒತ್ತಿದೆ. ಏನಿಲ್ಲ. ಬ್ಯಾಟರಿ ತೆಗೆದು ಅಂಗಿಗೆ ಒರೆಸಿ ಮತ್ತೆ ಹಾಕಿದೆ.

ಬೆಳಕು ಬಂತು. ಎಲ್ಲ ಹಾಗೇ ಇತ್ತು.

* * *

ಮುಂದಿನ ದಾರಿಗೆ ನಾನೂ ಜೊತೆಗೆ ಹೊರಟೆ. ಸಾಹೇಬರ ಕರೆ ಎತ್ತಲಿಲ್ಲ.

ಸಿಂಟಾಗ್ಮಾದಲ್ಲಿ ಅವಳು ಒಂದು ಮಾತು ಕೇಳಿದಳು. ಟ್ರಾಮ್ ಹತ್ತಿದ ಮೇಲೆ ಇನ್ನೊಂದು. ಕಡಲು ಕಂಡಾಗ ಮತ್ತೊಂದು; ಆಗ ಒಬ್ಬಳೇ ನಕ್ಕಳು. ಏನೆಂದು ನಾನು ಕೇಳಲಿಲ್ಲ. ವೂಲಾದಲ್ಲಿ ಟ್ರಾಮ್ ನಿಂತಿತು. ಕೊನೆಯ ಸ್ಟಾಪು. ಇಳಿದೆವು.

"ಇದೊಂದೇ ಉಳಿದಿರೋದು," ಅಂದಳು. "ಒಬ್ಬಳೇ ಕೇಳೋಕೆ ಭಯ ಆಗ್ತಿದೆ. ನೀನೂ ಕೇಳು."

ವೈರು ಕಿತ್ತು ಗುಂಡಿ ಒತ್ತಿದಳು. ಅವನ ದನಿ ಅವಸರದಲ್ಲಿತ್ತು. ಹಿಂದೆ ಟ್ರಾಮಿನ ಗಂಟೆ ಕೇಳಿಸಿತು.

"ಅಮ್ಮಾ, ಊರು ಮುಗೀತು. ಎದುರಿಗೆ ಬೆಂಚಿದೆ ನೋಡು, ಕೂತ್ಕೋ. ನನ್ನ ಡ್ಯೂಟಿ ಮುಗಿಯೋ ಹೊತ್ತಾಯ್ತು. ಎಲ್ಲೂ ಹೋಗ್ಬೇಡ, ನಾನೇ ಬಂದು ಕರ್ಕೊಂಡು ಹೋಗ್ತೀನಿ."

ಅಷ್ಟೇ. ಅವಳು ಫೋನನ್ನು ಮಡಿಲಲ್ಲಿಟ್ಟುಕೊಂಡು ಬೆಂಚಿನಲ್ಲಿ ಕೂತಳು. ಈಗ ಅತ್ತಳು, ಸದ್ದಿಲ್ಲದೆ, ಬಹಳ ಹೊತ್ತು. ನಾನು ಅವಳ ಬಲಕ್ಕೆ ಕೂರಲು ಹೋದೆ.

"ಅಲ್ಲಿ ಬೇಡ ಮಗಳೇ," ಅಂದಳು. "ಅದು ಅವನಿಗೆ. ಈ ಕಡೆ ಕೂತ್ಕೋ."

ನಾನು ಅವಳ ಎಡಕ್ಕೆ ಬಂದು ಕೂತೆ.