ಬಲಗಡೆಯ ಬರ್ನರ್

"ಮೇಡಂ, ನಮ್ಮ ಅಬ್ಬಾ ಕೈ ಸುಟ್ಕೊಂಡವ್ರೆ. ಜನ ಎಲ್ಲಾ ಮುಬಷೀರನ್ನೇ ಬೈತಾವ್ರೆ. ಅವನ್ದು ತಪ್ಪಿಲ್ಲ ಅಂತ ನನ್ನ ಮನಸ್ಸು ಹೇಳ್ತೈತೆ. ನೀವು ಬಂದು ನೋಡ್ಬೇಕು."

ಬೆಳಗಿನ ಕಾಫಿ ಇನ್ನೂ ಮುಗಿದಿರಲಿಲ್ಲ. ಬಾಗಿಲಲ್ಲಿ ನಿಂತ ಸಾನಿಯಾಳ ಮಾತು ಕೇಳಿ ನಾಗಭೂಷಣ ಅಕ್ಕನ ಮುಖ ನೋಡಿದ. ಪೊಲೀಸ್ ಇನ್‌ಸ್ಪೆಕ್ಟರ್ ಆಗಿ ನಿವೃತ್ತಳಾದ ಬಸವಲಿಂಗಮ್ಮ ಚಳ್ಳಕೆರೆಯಲ್ಲೇ ನೆಲೆಸಿದ ಮೇಲೆ ಊರಿನ ಬಿಡಿಸಲಾಗದ ಗಂಟುಗಳೆಲ್ಲ ಅವಳ ಮನೆಗೇ ಬರುತ್ತಿದ್ದವು. ಅವಳನ್ನು ಸ್ಕೂಟರಿನಲ್ಲಿ ಕರೆದೊಯ್ಯುವುದು, ಆಮೇಲೆ ಬೆರಗಾಗಿ ನಿಲ್ಲುವುದು ತಮ್ಮನ ಪಾಲಿನ ಕೆಲಸ.

"ಒಳಗೆ ಬಾರವ್ವ. ಮೊದಲಿಂದ ಹೇಳು," ಅಂದಳು ಅಕ್ಕ.

ಸಾನಿಯಾಳ ತಂದೆ ವಲಿಸಾಬರದು ಬಳ್ಳಾರಿ ರಸ್ತೆಯ ಕಬಾಬ್ ಅಂಗಡಿ. ಚಳಿಗಾಲದ ಸಂಜೆ ಅಲ್ಲಿ ಬಯಲಲ್ಲೇ ಸುಡುವುದು, ಬಯಲಲ್ಲೇ ಬಡಿಸುವುದು. ಇದ್ದಿಲಿನ ಹೊಗೆಗೆ ಅಪ್ಪ ಕೆಮ್ಮುವುದನ್ನು ನೋಡಲಾರದೆ ಮಗಳು ಹಠ ಹಿಡಿದು ಗ್ಯಾಸ್ ಗ್ರಿಲ್ ತರಿಸಿದ್ದಳು. ಮಳೆಗಾಲವಿಡೀ ತಾಡಪಾಲು ಹೊದ್ದು ನಿಂತಿದ್ದ ಅದನ್ನು ಮೊನ್ನೆ ಸ್ಟೌ ರಿಪೇರಿಯ ಮುಬಷೀರ್ ಬಿಚ್ಚಿ ತೊಳೆದು ಹೋಗಿದ್ದ. ನಿನ್ನೆ ಸಂಜೆ ವಲಿಸಾಬರು ನಡುವಿನ ಬರ್ನರ್ ಹಚ್ಚಿದ್ದೇ ತಡ, ಬೆಂಕಿ ಮೇಲೆ ಏಳದೆ ನಾಬ್‌ಗಳ ಕೆಳಗಿಂದ ಭಗ್ಗೆಂದು ಕೈಗೆ ನುಗ್ಗಿತ್ತು.

"ನಿನ್ನೆ ಹಗಲು ಗ್ರಿಲ್ ಹತ್ರ ಯಾರ್ಯಾರು ಸುಳಿದಾಡಿದ್ರು?"

"ಅಡುಗೆಯ ಓಬಳೇಶಣ್ಣ ಅಲ್ಲೇ ಇರ್ತಾನೆ. ಗ್ಯಾಸಲ್ಲಿ ಸುಟ್ರೆ ರುಚಿ ಇರಲ್ಲ ಅಂತ ನನ್ನ ಜೊತೆ ಜಗಳಾನೂ ಆಡಿದ್ದ. ಮಧ್ಯಾಹ್ನ ಮಾರುತೇಶಣ್ಣ ಖಾಲಿ ಚೀಲ ಒಯ್ಯಾಕೆ ಬಂದಿದ್ದ. ಮೊಳಕಾಲ್ಮೂರು ಕಡೆ ಜಾಲಿ ಸುಟ್ಟು ಇದ್ದಿಲು ಮಾಡ್ತಾನಲ್ಲ, ಅವನು. ಬೇರೆ ಯಾರೂ ಇಲ್ಲ."

ಅವರು ಹೋದಾಗ ಅಂಗಡಿ ಮುಂದೆ ಜನ ಮುಬಷೀರನನ್ನು ಸುತ್ತುವರಿದಿದ್ದರು. ಅವನ ಕೈಯಿಂದ ಇನ್ನು ಒಂದು ಸ್ಟೌ ಕೂಡ ಮುಟ್ಟಿಸಬಾರದು ಎಂದು ಒಬ್ಬ ಕೂಗುತ್ತಿದ್ದ. ಕೈಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದ ವಲಿಸಾಬರು ಅವನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

"ಮೂರೂ ಪೈಪಿಗೆ ಬ್ರಷ್ ಹಾಕಿ ತೆಗ್ದೀನಿ ಮೇಡಂ," ಅಂದ ಮುಬಷೀರ್. "ಸೋಪಿನ ನೀರು ಹಚ್ಚಿ ಲೀಕ್ ನೋಡೀನಿ. ಮೂರೂ ಹಚ್ಚಿ ನೋಡಿದೆ, ನೀಲಿ ಉರಿ ಬಂತು. ಆಗ ಹತ್ರ ಯಾರೂ ಇರ್ಲಿಲ್ಲ, ಅದೇ ನನ್ನ ನಸೀಬು."

ಬಸವಲಿಂಗಮ್ಮ ಗ್ರಿಲ್ಲನ್ನು ಅಂಗಡಿಯ ಹಿಂದಕ್ಕೆ ತಳ್ಳಿಸಿ, ತಮ್ಮನನ್ನು ಬಿಟ್ಟು ಉಳಿದವರನ್ನೆಲ್ಲ ಆಚೆ ಕಳಿಸಿದಳು. ಸಿಲಿಂಡರ್ ಬಿಚ್ಚಿಟ್ಟು ಬರ್ನರ್‌ಗಳನ್ನು ಒಂದೊಂದಾಗಿ ಹೊರಗೆಳೆದಳು. ನಡುವಿನ ಪೈಪಿನ ಬಾಯಲ್ಲಿ ಮಣ್ಣು ಮೆತ್ತಿತ್ತು.

"ಕಣಜದ ಗೂಡು! ಹುಡುಗ ಬ್ರಷ್ ಹಾಕೇ ಇಲ್ಲಕ್ಕ," ಅಂದ ನಾಗಭೂಷಣ.

ಅಕ್ಕ ಆ ಮಣ್ಣನ್ನು ಮುರಿದು ತೋರಿಸಿದಳು. "ಕಣಜದ ಗೂಡಾದ್ರೆ ಒಳಗೆ ಕೋಣೆ ಇರ್ತಾವೆ. ಮರಿಗೆ ಅಂತ ತಂದಿಟ್ಟ ಜೇಡ ಇರ್ತಾವೆ. ಇದು ಗಟ್ಟಿ ಉಂಡೆ. ಒಳಗೆ ಹುಲ್ಲಿನ ಚೂರೈತೆ, ಕರೀ ಪುಡಿ ಐತೆ, ನೋಡು."

ಆಮೇಲೆ ಬಲಗಡೆಯ ಪೈಪಿಗೆ ಬೆರಳು ಹಾಕಿದಳು. ಏನನ್ನೋ ಕಿತ್ತು ಕರವಸ್ತ್ರದಲ್ಲಿ ಸುತ್ತಿದಳು. "ಏನಕ್ಕ ಅದು?" ಎಂದರೆ "ಸುಮ್ನಿರೋ" ಎಂದಳು, ಅಷ್ಟೇ. ಪೈಪುಗಳನ್ನು ಉಜ್ಜಿ ಮತ್ತೆ ಜೋಡಿಸಿದಳು.

ಸಂಜೆ ಹೊತ್ತು ಮುಳುಗುವ ಮುಂಚೆ ಎಲ್ಲರೂ ಸೇರಿದರು. ವಲಿಸಾಬರು, ಸಾನಿಯಾ, ಮುಬಷೀರ್, ಓಬಳೇಶ, ಮಾರುತೇಶ, ಜೊತೆಗೆ ರಸ್ತೆಯುದ್ದದ ಅಂಗಡಿಯವರು. ಗ್ರಿಲ್ಲಿನ ಮುಚ್ಚಳ ತೆರೆದಿಟ್ಟು ಅಕ್ಕ ಮುರಿದ ಉಂಡೆಯನ್ನು ಎತ್ತಿ ಹಿಡಿದಳು.

"ನಡುವಿನ ಪೈಪಿನ ಬಾಯಲ್ಲಿ ಈ ಮಣ್ಣಿತ್ತು. ಮುಂದೆ ಹೋಗಾಕೆ ದಾರಿ ಇಲ್ದೆ ಗ್ಯಾಸ್ ಹಿಂದಕ್ಕೆ ಬಂದು ನಾಬ್ ಕೆಳಗೆ ಹತ್ಕೊಂತು. ಈಗ ಇದನ್ನ ತೆಗ್ದಾಯ್ತು. ಓಬಳೇಶ, ಎಡಗಡೇದು ಹಚ್ಚಪ್ಪ."

ಓಬಳೇಶ ಗೊಣಗುತ್ತಲೇ ಹಚ್ಚಿದ. ನೀಲಿ ಉರಿ ಸಾಲಾಗಿ ಎದ್ದಿತು.

"ಮಾರುತೇಶ, ನೀನು ಬಲಗಡೇದು ಹಚ್ಚು."

ಮಾರುತೇಶ ಲೈಟರ್ ಹಿಡಿದು ಮುಂದೆ ಬಂದವನು ಅಲ್ಲೇ ನಿಂತ. "ನಾನು... ನಡುವಿಂದು ಹಚ್ತೀನಿ ಮೇಡಂ."

"ಯಾಕೆ? ನಿನ್ನೆ ಬೆಂಕಿ ಕಾರಿದ್ದೇ ನಡುವಿಂದು. ಬೇರೆಯವರಾಗಿದ್ರೆ ಅದಕ್ಕೆ ಹೆದರೋರು. ನೀನು ಬಲಗಡೇದಕ್ಕೆ ಹೆದರ್ತೀಯಲ್ಲ?"

"ಅದರ ಬಾಯೂ ಮುಚ್ಚೈತಲ್ಲ..." ಎಂದವನು ನಾಲಿಗೆ ಕಚ್ಚಿಕೊಂಡ.

ಅಕ್ಕ ಕರವಸ್ತ್ರ ಬಿಚ್ಚಿದಳು. ಅಂಥದೇ ಇನ್ನೊಂದು ಉಂಡೆ!

"ಬಲಗಡೇದೂ ಮುಚ್ಚಿತ್ತು ಅಂತ ನಾನು ಯಾರಿಗೂ ಹೇಳಿಲ್ಲ. ತೆಗೆದೋಳು ನಾನು, ಕಂಡೋನು ನನ್ನ ತಮ್ಮ. ಇನ್ನು ಗೊತ್ತಿರೋದು ಮೆತ್ತಿದವನಿಗೆ ಮಾತ್ರ. ಹುಲ್ಲು ಕಲಸಿದ ಮಣ್ಣು, ಅದರಾಗೆ ಇದ್ದಿಲ ಪುಡಿ. ಇದ್ದಿಲು ಸುಡೋ ಗೂಡಿಗೆ ಗಾಳಿ ಹೋಗ್ದಂಗೆ ಮೆತ್ತೋದು ಇದನ್ನೇ. ಓಬಳೇಶನ ಮೇಲೂ ಅನುಮಾನ ಇತ್ತು. ಆದ್ರೆ ಈ ಮಣ್ಣು ಅವನ ಅಡುಗೆಮನೇಲಿ ಎಲ್ಲೂ ಇಲ್ಲ. ಚೀಲ ಒಯ್ಯೋ ನೆಪದಾಗೆ ನೀನು ತಂದಿದ್ದೆ."

ಮಾರುತೇಶ ಕುಸಿದು ಕೂತ. "ಇಲ್ಲಿ ಗ್ಯಾಸ್ ಗೆದ್ರೆ ರಸ್ತೆಯೋರೆಲ್ಲಾ ಇದ್ದಿಲು ಬಿಡ್ತಿದ್ರು. ಉರಿ ಹತ್ತಲ್ಲ, ಗ್ರಿಲ್ ಕೆಟ್ಟೋಯ್ತು ಅಂತಾರೆ ಅನ್ಕೊಂಡೆ. ಸಾಬರ ಕೈ ಸುಡ್ಬೇಕು ಅಂತ ಇರ್ಲಿಲ್ಲ."

"ಒಬ್ರ ಕೈ ಸುಟ್ಟೆ. ಇನ್ನೊಬ್ಬನ ಹೆಸರು ಸುಡೋವಾಗ ಬಾಯಿ ಬಿಡ್ಲಿಲ್ಲ," ಅಂದಳು ಅಕ್ಕ. "ಉಳಿದಿದ್ದನ್ನ ಠಾಣೇಲಿ ಹೇಳು."

ವಲಿಸಾಬರು ಎದ್ದು ಮುಬಷೀರನ ಬಳಿ ಬಂದು ಪಟ್ಟಿಯಿಲ್ಲದ ಕೈಯನ್ನು ಅವನ ಹೆಗಲ ಮೇಲಿಟ್ಟರು. "ಬೇಟಾ, ಎಲ್ರ ಮುಂದೆ ನಿನ್ನಿಂದ ಮುಖ ತಿರುಗಿಸ್ದೆ. ಎಲ್ರ ಮುಂದೇನೇ ಮಾಫಿ ಕೇಳ್ತೀನಿ. ಬಲಗಡೇದು ನೀನೇ ಹಚ್ಚು."

ಮುಬಷೀರ್ ಕಣ್ಣೊರೆಸಿಕೊಂಡು ನಾಬ್ ತಿರುಗಿಸಿದ. ಬಲಗಡೆ ಉರಿ ಎದ್ದಿತು, ನಡುವಿನದೂ ಎದ್ದಿತು. ಮಸುಕು ಬೆಳಕಿನಲ್ಲಿ ಮೂರು ಸಾಲು ನೀಲಿ ಉರಿ ನೋಡಿ ಜನ ಸಿಳ್ಳೆ ಹೊಡೆದರು. ಬೆಳಿಗ್ಗೆ ಕೂಗಾಡಿದವನೇ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ.

"ನಾಳೆ ಮೊದ್ಲು ನಮ್ಮಂಗಡಿಗೆ ಬರ್ಬೇಕು ನೋಡಪ್ಪ, ನಮ್ಮ ಸ್ಟೌ ತೊಳೆದು ಎಷ್ಟೋ ಕಾಲ ಆತು," ಅಂದಳು ದೋಸೆ ಅಂಗಡಿಯ ಪಾಪಕ್ಕ.

"ನಮ್ದು ಮೊದ್ಲು!" ಎಂದು ಹಿಂದಿನಿಂದ ಇನ್ಯಾರೋ ಕೂಗಿದರು.

ಆ ಗದ್ದಲದ ನಡುವೆ ಸಾನಿಯಾ ಮಾಂಸ ಮುಟ್ಟದ ಅಕ್ಕನಿಗಾಗಿ ಎಳೆ ಮೆಕ್ಕೆಜೋಳದ ತೆನೆಯೊಂದನ್ನು ಗ್ರಿಲ್ಲಿನ ಕಂಬಿಗಳ ಮೇಲಿಟ್ಟಳು. ಅದನ್ನು ತಿರುವಿ ತಿರುವಿ ಸುಟ್ಟು, ಉಪ್ಪು ನಿಂಬೆ ಸವರಿ ಕೈಗಿತ್ತವನು ಮುಬಷೀರ್.