ನಾಲಿಗೆಯ ಮೇಲಿನ ಕೋಟೆಮಣ್ಣು

ಕಪ್ಪು ಪರದೆಯ ಮೇಲೆ ಡಾ. ಉಮಾದೇವಿ ಹಂಗರಗಿ ಒಂದೇ ಸಾಲಿನ ಆಜ್ಞೆ ಟೈಪಿಸಿದರು: ಮೌಂಟ್. ನಸೀಮಾಳ ಕಿವಿಯ ಹಿಂದೆ ಅಂಟಿಸಿದ್ದ ರಾಗಿಕಾಳಿನಷ್ಟು ಪುಟ್ಟ ಗ್ರಾಹಕ ಯಂತ್ರ ಬೆಚ್ಚಗಾಯಿತು. ತೀರಿಹೋದ ತಂದೆಯ ನಾಲಿಗೆಯ ನೆನಪು ಮೆಲ್ಲನೆ ಅವಳೊಳಗೆ ಇಳಿಯಿತು.

ಬಿದರಿ ಪಾತ್ರೆಯ ಲೋಹವನ್ನು ಕಪ್ಪಾಗಿಸುವ ಕೋಟೆಮಣ್ಣನ್ನು ನೆಕ್ಕಿ ಗುರುತಿಸಬಲ್ಲವನು 2068ರಲ್ಲಿ ಅವನೊಬ್ಬನೇ ಉಳಿದಿದ್ದ. ಸಾಯುವ ಮುನ್ನ ಆ ರುಚಿಯನ್ನು ಡಿಸ್ಕಿಗೆ ಇಳಿಸಿದ್ದ. ಡಿಸ್ಕನ್ನು ಮನಸ್ಸಿನ ಖಾಲಿ ಕೋಣೆಯೊಂದಕ್ಕೆ ಜೋಡಿಸುವುದೇ ಮೌಂಟ್, ಕಳಚುವುದು ಅನ್‌ಮೌಂಟ್.

ಮೇಜಿನ ಮೇಲೆ ಸಾಲಾಗಿಟ್ಟಿದ್ದ ಮಣ್ಣಿನ ಮಾದರಿಗಳಲ್ಲಿ ನಾಲ್ಕನೆಯ ಬಟ್ಟಲಿನ ಚಿಟಿಕೆ ಮಣ್ಣು ನಾಲಿಗೆಗೆ ತಾಗಿತು. ಹಳೆಯ ಗೋಡೆಯ ಉಪ್ಪು, ಸುಣ್ಣದ ತಂಪು, ನೂರಾರು ವರ್ಷ ಮಳೆ ಕಾಣದ ಕತ್ತಲೆಯ ಸಿಹಿ. ನಸೀಮಾ ತೇಲಿಹೋದಳು.

“ಇದೇ ರೀ ಮೇಡಂ! ಇದೇ!”

“ನಿಮ್ಮ ಅಬ್ಬಾನೂ ಹಿಂಗೇ ಕುಣೀತಿದ್ರೇನು?” ಉಮಾದೇವಿ ನಕ್ಕರು.

ಉತ್ತರಿಸಲೆಂದು ನಸೀಮಾ ತಂದೆಯನ್ನು ನೆನೆಯಲು ನೋಡಿದಳು. ಮುಖವೊಂದು ಇರಬೇಕಾದಲ್ಲಿ ಬರೀ ಬಿಳಿ ಮಂಜು.

“ಮೇಡಂ... ಅಬ್ಬಾ ಹೆಂಗಿದ್ರು?”

ಉಮಾದೇವಿಯವರ ನಗು ಆರಿತು. “ಮಣ್ಣಿನ ರುಚಿ ಎಂದೂ ನೋಡಿಲ್ಲ ಅಂದಿದ್ದಿಯಲ್ಲ! ಕೋಣಿ ಖಾಲಿ ಅದ ಅಂತ ನಂಬಿದ್ದೆ. ತುಂಬಿದ ಕೋಣಿಗೆ ಜೋಡಿಸಿದ್ರ ಒಳಗಿದ್ದದ್ದು ಮುಚ್ಚಿಹೋಗ್ತದ. ನಿಮ್ಮ ಅಬ್ಬಾ ಅದೇ ಕೋಣ್ಯಾಗ ಇದ್ರು ಅನಸ್ತದ.”

ಅನ್‌ಮೌಂಟ್ ಎಂದು ಟೈಪಿಸಿದರು. ಪರದೆ ಉತ್ತರಿಸಿತು: ಡಿಸ್ಕ್ ಬಳಕೆಯಲ್ಲಿದೆ.

“ಬಾಯಾಗ ಮಣ್ಣಿರೋತನಕ ಕಳಚಂಗಿಲ್ಲ. ಜಬರದಸ್ತಿ ಕಿತ್ರ ಡಿಸ್ಕೇ ಹಾಳು. ಇನ್ನ ಮೂರು ನಿಮಿಷ ಕಳದ್ರ ಮುಚ್ಚಿದ್ದು ಮತ್ತ ತೆರೆಯಂಗಿಲ್ಲ. ಉಗುಳವ್ವಾ!”

ಉಗುಳಲಾಗಲಿಲ್ಲ. ಅಬ್ಬಾನ ಬದುಕಿನ ಸಂತೋಷವೆಲ್ಲ ಆ ಚಿಟಿಕೆಯಲ್ಲಿ ಕರಗುತ್ತಿತ್ತು. ಮಂಜಿನಾಚೆ ಯಾರೋ ನಿಂತಂತಿತ್ತು. ಎರಡು ನಿಮಿಷ. ಒಂದು.

ನಸೀಮಾ ಉಗುಳಿ, ಬಾಯಿ ಮುಕ್ಕಳಿಸಿದಳು. ಉಮಾದೇವಿ ಅನ್‌ಮೌಂಟ್ ಎಂದು ಮತ್ತೆ ಟೈಪಿಸಿ ಎಂಟರ್ ಒತ್ತಿದರು.

ಮಂಜು ಸರಿಯಿತು. ಕೋಟೆಯ ಕತ್ತಲ ಮೂಲೆ. ಆರು ವರ್ಷದ ತಾನು. ಅಬ್ಬಾ ಅವಳ ನಾಲಿಗೆಗೆ ಮಣ್ಣು ಸೋಕಿಸಿ, ಮುಂದಿನ ಹಲ್ಲಿಲ್ಲದ ಬಾಯಲ್ಲಿ ನಗುತ್ತಿದ್ದಾನೆ: “ಥೂ ಅನಬ್ಯಾಡ ಬೇಟಿ, ಸ್ವಲ್ಪ ತಡಿ.” ಅವಳು ಅಂದೂ ಉಗುಳಿದ್ದಳು. ಉಗುಳಿದ್ದನ್ನು ರುಚಿ ನೋಡಿದ್ದೆಂದು ಅವಳು ಎಣಿಸಿರಲೇ ಇಲ್ಲ. ಆಗ ಹತ್ತು ಉಸಿರಿನಷ್ಟು ಹೊತ್ತು ತಡೆದಿದ್ದರೆ, ಈ ಡಿಸ್ಕೇ ಬೇಕಿರಲಿಲ್ಲವೇನೋ.

“ಮತ್ತ ಜೋಡಿಸಲೇನು? ಈ ಸಲ ಬ್ಯಾರೆ ಕೋಣಿಗೆ,” ಉಮಾದೇವಿ ಕೇಳಿದರು.

ನಸೀಮಾ ಬೇಡವೆಂದು ತಲೆಯಾಡಿಸಿ ಗ್ರಾಹಕವನ್ನು ಕಿತ್ತು ಮೇಜಿನ ಮೇಲಿಟ್ಟಳು. ನಾಲ್ಕನೆಯ ಬಟ್ಟಲಿನಿಂದ ಚಿಟಿಕೆ ತೆಗೆದು ತನ್ನದೇ ನಾಲಿಗೆಯ ಮೇಲಿಟ್ಟುಕೊಂಡಳು.

“ಏನನಿಸ್ತದ?”

“ಬರೀ ಮಣ್ಣು ರೀ,” ಎಂದು ಕಣ್ಣು ಮುಚ್ಚಿದಳು. “ಸ್ವಲ್ಪ ತಡೀರಿ.”